ಅರ್ಧ ಮಿಲಿಮೀಟರ್ ಮರ: ಮೋಸವೋ, ಜಾಣತನವೋ?

ಸಂಗೀತ ವಾದ್ಯಗಳ ಅಂಗಡಿಯ ಗೋಡೆಯಲ್ಲಿ ಹತ್ತಾರು ಎಲೆಕ್ಟ್ರಿಕ್ ಗಿಟಾರ್‌ಗಳು ನೇತಾಡುತ್ತಿರುತ್ತವೆ. ಒಳಗೆ ಕಾಲಿಟ್ಟ ಹುಡುಗರ ಕಣ್ಣು ಮೊದಲು ಹೋಗುವುದು ಹುಲಿಪಟ್ಟೆಯಂಥ ಗೆರೆಗಳಿರುವ ಗಿಟಾರ್ ಕಡೆಗೆ. ಜೇನಿನ ಬಣ್ಣ, ಅದರೊಳಗೆ ಬೆಂಕಿಯ ನಾಲಿಗೆಯಂತೆ ಓಡುವ ಪಟ್ಟೆಗಳು. ಸ್ವಲ್ಪ ವಾಲಿಸಿ ನೋಡಿದರೆ ಆ ಪಟ್ಟೆಗಳೇ ಜಾಗ ಬದಲಿಸಿದಂತೆ ಕಾಣುತ್ತವೆ. 'ಎಷ್ಟು ಚೆನ್ನಾಗಿದೆ!' ಎನ್ನುವಷ್ಟರಲ್ಲಿ ಪಕ್ಕದಲ್ಲಿರುವ ಗೆಳೆಯ ತಣ್ಣೀರು ಎರಚುತ್ತಾನೆ: 'ಅದು ಬರೀ ವೆನೀರ್ ಕಣೋ, ಒರಿಜಿನಲ್ ಅಲ್ಲ.'

ನನ್ನ ತಕರಾರು ಇರುವುದು ಆ 'ಬರೀ' ಎಂಬ ಪದದ ಬಗ್ಗೆ. ಗಿಟಾರ್ ಕೊಳ್ಳಲು ಟ್ಯೂಷನ್ ಹೇಳಿಕೊಟ್ಟೋ, ಇಂಟರ್ನ್‌ಶಿಪ್ ಸ್ಟೈಪೆಂಡ್ ಉಳಿಸಿಯೋ ದುಡ್ಡು ಕೂಡಿಸುವ ವಿದ್ಯಾರ್ಥಿಗಳು ಈ ಒಂದು ಪದಕ್ಕೆ ಹೆದರಿ ಇಲ್ಲದ ದುಡ್ಡು ಸುರಿಯುತ್ತಾರೆ. ಇಲ್ಲವೇ ಕೊಂಡ ಗಿಟಾರನ್ನು ಎರಡನೇ ದರ್ಜೆಯದು ಎಂದುಕೊಂಡು ಸುಮ್ಮನೆ ಕೊರಗುತ್ತಾರೆ. ವೆನೀರ್ ಹಚ್ಚುವುದು ಮೋಸವಲ್ಲ. ಹಚ್ಚಿದ್ದನ್ನು ಮುಚ್ಚಿಟ್ಟು ಮಾರುವುದು ಮೋಸ. ಎರಡನ್ನೂ ಬೇರೆಬೇರೆಯಾಗಿ ನೋಡಲು ಕಲಿತರೆ ನಮ್ಮ ಜೇಬಿಗೂ ಒಳ್ಳೆಯದು, ಕಾಡಿಗೂ ಒಳ್ಳೆಯದು.

ಪಟ್ಟೆ ಎಲ್ಲಿಂದ ಬಂತು?

ಮೊದಲು ಮರದ ವಿಷಯ. ಈ ಗಿಟಾರ್‌ಗಳ ಮುಖದ ಮೇಲಿರುವುದು ಬಹುಪಾಲು ಉತ್ತರ ಅಮೆರಿಕದ ಮೇಪಲ್. ಸಾಮಾನ್ಯ ಮೇಪಲ್‌ನಲ್ಲಿ ಎಳೆಗಳು ನೇರವಾಗಿರುತ್ತವೆ, ಹಲಗೆ ಸಪ್ಪೆಯಾಗಿ ಬೆಳ್ಳಗೆ ಕಾಣುತ್ತದೆ. ಕೆಲವೇ ಮರಗಳಲ್ಲಿ ಎಳೆಗಳು ಅಲೆಅಲೆಯಾಗಿ ಬೆಳೆದಿರುತ್ತವೆ. ಅಂಥ ಮರ ಸೀಳಿದಾಗ ಒಂದು ಕಡೆ ಎಳೆಯ ತುದಿ, ಪಕ್ಕದಲ್ಲಿ ಎಳೆಯ ಮೈ ಮೇಲೆ ಬರುತ್ತದೆ. ತುದಿ ಬೆಳಕನ್ನು ಹೀರುತ್ತದೆ, ಮೈ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಕಪ್ಪು-ಬಿಳುಪಿನ ಪಟ್ಟೆ ಕಾಣುವುದು ಇದೇ ಕಾರಣಕ್ಕೆ. ಇದಕ್ಕೆ 'ಫ್ಲೇಮ್' ಎಂದು ಹೆಸರು. ಹಾಸಿಗೆಯ ರಜಾಯಿಯಂತೆ ಉಬ್ಬುಉಬ್ಬಾಗಿ ಕಂಡರೆ 'ಕ್ವಿಲ್ಟ್', ಸಣ್ಣ ಚುಕ್ಕಿಗಳಿದ್ದರೆ 'ಬರ್ಡ್ಸ್ ಐ'. ಪಿಟೀಲಿನ ಹಿಂಬದಿಗೆ ಇಂಥ ಪಟ್ಟೆಯ ಮೇಪಲ್ ಬಳಸುವ ಪದ್ಧತಿ ಇಟಲಿಯಲ್ಲಿ ಶತಮಾನಗಳಿಂದ ಇದೆ.

ಎಲೆಕ್ಟ್ರಿಕ್ ಗಿಟಾರ್‌ಗೆ ಈ ಚೆಲುವು ಬಂದದ್ದು ಸ್ವಲ್ಪ ತಡವಾಗಿ, ಅದೂ ವ್ಯಾಪಾರದ ದೆಸೆಯಿಂದ. ಅಮೆರಿಕದ ಗಿಬ್ಸನ್ ಕಂಪನಿ 1952ರಲ್ಲಿ ಲೆಸ್ ಪಾಲ್ ಮಾದರಿ ತಂದಾಗ ಅದರ ಮೈ ಮಹಾಗನಿ, ಮೇಲ್ಭಾಗ ದಪ್ಪ ಮೇಪಲ್. ಆದರೆ ಆ ಮೇಪಲ್ ಯಾರಿಗೂ ಕಾಣುತ್ತಿರಲಿಲ್ಲ. ಅದರ ಮೇಲೆ ಚಿನ್ನದ ಬಣ್ಣ ಬಳಿದಿದ್ದರು. ಮಾರಾಟ ಇಳಿಯತೊಡಗಿದಾಗ, 1958ರಲ್ಲಿ, ಚಿನ್ನದ ಬಣ್ಣ ಬಿಟ್ಟು ಒಳಗಿನ ಮರ ಕಾಣುವಂಥ ಕೆಂಪು-ಹಳದಿ ಪಾರದರ್ಶಕ ಬಣ್ಣ ಹಾಕಿದರು. ಆಗ ಕೆಲವು ಗಿಟಾರ್‌ಗಳಲ್ಲಿ ಅದ್ಭುತ ಪಟ್ಟೆಗಳು ಕಂಡವು, ಕೆಲವು ಸಪ್ಪೆಯಾಗಿಯೇ ಇದ್ದವು. 1960ಕ್ಕೆ ಈ ರೂಪದ ತಯಾರಿಕೆಯೇ ನಿಂತಿತು. ಮುಂದೆ ಎರಿಕ್ ಕ್ಲಾಪ್ಟನ್, ಜಿಮ್ಮಿ ಪೇಜ್ ಅವರಂಥವರ ಕೈಯಲ್ಲಿ ಅವೇ ಗಿಟಾರ್‌ಗಳು ಮೊಳಗಿದ ಮೇಲೆ ಬೆಲೆ ಏರುತ್ತಾ ಹೋಗಿ, ಇಂದು ಅವು ಲಕ್ಷಾಂತರ ಡಾಲರ್‌ಗೆ ಮಾರಾಟವಾಗುತ್ತವೆ. 1985ರಲ್ಲಿ ಪಾಲ್ ರೀಡ್ ಸ್ಮಿತ್ ಮೇರಿಲ್ಯಾಂಡ್‌ನಲ್ಲಿ ಆರಂಭಿಸಿದ ಪಿಆರ್‌ಎಸ್ ಕಂಪನಿ ಪಟ್ಟೆ ಮೇಪಲ್ಲನ್ನೇ ತನ್ನ ಗುರುತು ಮಾಡಿಕೊಂಡಿತು. ಪಟ್ಟೆ ಇದ್ದರೆ ದುಬಾರಿ ಗಿಟಾರ್, ದುಬಾರಿ ಎಂದರೆ ಒಳ್ಳೆಯ ನಾದ ಎಂಬ ಲೆಕ್ಕ ಜನರ ತಲೆಯಲ್ಲಿ ಕೂತದ್ದು ಹೀಗೆ.

ವೆನೀರ್ ಎಂದರೆ ಪ್ಲೈವುಡ್ ಅಲ್ಲ

ಗಟ್ಟಿ ಟಾಪ್ ಎಂದರೆ ಪಟ್ಟೆಯ ಮೇಪಲ್ ಹಲಗೆಯನ್ನೇ ಪುಸ್ತಕ ತೆರೆದಂತೆ ಎರಡಾಗಿ ಸೀಳಿ, ಜೋಡಿಸಿ, ಗಿಟಾರ್ ಮೈಗೆ ಅಂಟಿಸುವುದು. ಉಬ್ಬು ಕೆತ್ತನೆಯ ಗಿಟಾರ್ ಆದರೆ ಆ ಹಲಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪ ಬೇಕು. ವೆನೀರ್ ಎಂದರೆ ಅದೇ ಪಟ್ಟೆಯ ಮರದ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಹಾಳೆ. ದಿಮ್ಮಿಯನ್ನು ಬಿಸಿನೀರು ಅಥವಾ ಹಬೆಯಲ್ಲಿ ಮೆದು ಮಾಡಿ, ಉದ್ದನೆಯ ಬ್ಲೇಡಿನಿಂದ ಹಾಳೆಹಾಳೆಯಾಗಿ ಹೆರೆಯುತ್ತಾರೆ. ಅದನ್ನು ಗಿಟಾರ್ ಮೈ ಮೇಲೆ ಅಂಟು ಹಾಕಿ ಒತ್ತಿ ಕೂರಿಸುತ್ತಾರೆ.

ಇಲ್ಲಿ ಮೂರು ವಿಷಯ ಬೆರೆತು ಗೊಂದಲ ಆಗುತ್ತದೆ. ಒಂದು, ವೆನೀರ್ ಹಚ್ಚಿದ ಗಿಟಾರ್ ಪ್ಲೈವುಡ್ ಗಿಟಾರ್ ಅಲ್ಲ. ಹಾಳೆಯ ಕೆಳಗೆ ಸಾಮಾನ್ಯವಾಗಿ ಗಟ್ಟಿ ಮರವೇ ಇರುತ್ತದೆ. ಎರಡು, ಕೆಳಗಿನ ಮರ ಯಾವುದು ಎಂಬುದು ಗಿಟಾರ್‌ನಿಂದ ಗಿಟಾರ್‌ಗೆ ಬೇರೆ. ಪಿಆರ್‌ಎಸ್‌ನ ಎಸ್‌ಇ ಸರಣಿಯ ಅನೇಕ ಗಿಟಾರ್‌ಗಳಲ್ಲಿ ಮೊದಲು ಸಪ್ಪೆ ಮೇಪಲ್‌ನ ದಪ್ಪ ಟಾಪ್, ಅದರ ಮೇಲೆ ಪಟ್ಟೆ ಮೇಪಲ್‌ನ ಹಾಳೆ ಇರುತ್ತದೆ. ಕಂಪನಿಯೇ ತನ್ನ ವಿವರಪಟ್ಟಿಯಲ್ಲಿ ಇದನ್ನು ಹಾಗೆಯೇ ಬರೆಯುತ್ತದೆ. ಅಗ್ಗದ ಗಿಟಾರ್‌ಗಳಲ್ಲಿ ನಡುವಿನ ಮೇಪಲ್ ಟಾಪ್ ಇರುವುದಿಲ್ಲ, ಹಾಳೆ ನೇರವಾಗಿ ಬೇರೆ ಮರದ ಮೇಲೆ ಕೂತಿರುತ್ತದೆ. ಮೂರು, ವೆನೀರ್ ನಿಜವಾದ ಮರ, ಚಿತ್ರವಲ್ಲ. ಚಿತ್ರ ಹಚ್ಚಿದ್ದೂ ಉಂಟು. 1990ರ ದಶಕದಲ್ಲಿ ಜಪಾನ್‌ನಲ್ಲಿ ತಯಾರಾದ ಫೆಂಡರ್ ಗಿಟಾರ್‌ಗಳಲ್ಲಿ 'ಫೋಟೋ ಫ್ಲೇಮ್' ಎಂಬ ಬಗೆ ಇತ್ತು. ಅದರಲ್ಲಿ ಪಟ್ಟೆಯೇ ಮುದ್ರಿತ ಪದರ. ಆದರೂ ಅದಕ್ಕೊಂದು ಹೆಸರಿಟ್ಟು ಹೇಳಿಯೇ ಮಾರಿದರು. 1968ರ ಪೇಸ್ಲಿ ಟೆಲಿಕಾಸ್ಟರ್‌ಗಂತೂ ಫೆಂಡರ್ ಹೂಬಳ್ಳಿಯ ವಾಲ್‌ಪೇಪರನ್ನೇ ಅಂಟಿಸಿತ್ತು. ಅದನ್ನು ಯಾರೂ ನಕಲಿ ಎನ್ನಲಿಲ್ಲ.

ನಾದ ಎಲ್ಲಿ ಹುಟ್ಟುತ್ತದೆ?

ಈಗ ನಿಜವಾದ ಪ್ರಶ್ನೆ. ಗಟ್ಟಿ ಟಾಪ್ ಇದ್ದರೆ ಗಿಟಾರ್ ಚೆನ್ನಾಗಿ ನುಡಿಯುತ್ತದೆಯೇ?

ನಮ್ಮ ವೀಣೆಯನ್ನೇ ನೆನೆಯಿರಿ. ಹಲಸಿನ ಮರದ ಒಂದೇ ತುಂಡಿನಲ್ಲಿ ಕಡೆದ ಏಕಾಂಡ ವೀಣೆಗೆ ಜೋಡಿಸಿ ಮಾಡಿದ ವೀಣೆಗಿಂತ ಹೆಚ್ಚು ಬೆಲೆ, ಹೆಚ್ಚು ಗೌರವ. ಅದರಲ್ಲಿ ಅರ್ಥವಿದೆ. ತಂತಿ ಮೀಟಿದಾಗ ಟೊಳ್ಳಾದ ಕೊಡ ಕಂಪಿಸಿ ಗಾಳಿಯನ್ನು ನಡುಗಿಸುತ್ತದೆ, ನಾವು ಕೇಳುವುದು ಆ ಮರದ ಕಂಪನವನ್ನೇ. ಅಕೂಸ್ಟಿಕ್ ಗಿಟಾರ್ ಕೂಡ ಹೀಗೆಯೇ. ಅದರ ಮುಂಭಾಗದ ತೆಳು ಹಲಗೆಯೇ ಧ್ವನಿಯ ತಾಯಿ. ಅಲ್ಲಿ ಗಟ್ಟಿ ಸ್ಪ್ರೂಸ್ ಹಲಗೆಗೂ ಪದರ ಅಂಟಿಸಿದ ಹಲಗೆಗೂ ವ್ಯತ್ಯಾಸ ಕೇಳಿಸುತ್ತದೆ. 'ಸಾಲಿಡ್ ಟಾಪ್ ತಗೋ' ಎಂಬ ಸಲಹೆ ಅಲ್ಲಿ ಸರಿ.

ಅದೇ ಸಲಹೆಯನ್ನು ಎಲೆಕ್ಟ್ರಿಕ್ ಗಿಟಾರ್‌ಗೆ ಎಳೆದು ತಂದಾಗ ಲೆಕ್ಕ ತಪ್ಪುತ್ತದೆ. ಎಲೆಕ್ಟ್ರಿಕ್ ಗಿಟಾರ್‌ನ ಕಿವಿ ಅದರ ಪಿಕಪ್. ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ, ಇಷ್ಟೇ ಅದು. ಮೇಲೆ ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಏರಿಳಿಯುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮ, ಪಿಯುಸಿಯಲ್ಲಿ ನಾವೆಲ್ಲ ಉರು ಹೊಡೆದದ್ದು. ಪಿಕಪ್‌ಗೆ ತಂತಿ ಕಾಣುತ್ತದೆ, ಮರ ಕಾಣುವುದಿಲ್ಲ. ನೈಲಾನ್ ತಂತಿ ಹಾಕಿದರೆ ಗಿಟಾರ್ ಮೂಕ.

ಹಾಗೆಂದು ಮರಕ್ಕೆ ಪಾತ್ರವೇ ಇಲ್ಲ ಎಂದರೆ ಅದೂ ಅತಿ. ತಂತಿಯ ಶಕ್ತಿಯಲ್ಲಿ ಸ್ವಲ್ಪ ಭಾಗವನ್ನು ಕುತ್ತಿಗೆ ಮತ್ತು ಮೈ ಹೀರಿಕೊಳ್ಳುತ್ತವೆ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿ ಅದರ ಪಾಲು ಇದೆ. ಎಷ್ಟು ಪಾಲು ಎಂಬ ಜಗಳ ಗಿಟಾರ್ ಲೋಕದಲ್ಲಿ ಮುಗಿದಿಲ್ಲ. ಆದರೆ ನಮ್ಮ ಪ್ರಶ್ನೆ ಅಷ್ಟು ದೊಡ್ಡದಲ್ಲ. ಸುಮಾರು 45 ಮಿಲಿಮೀಟರ್ ದಪ್ಪದ ಮೈಯಲ್ಲಿ ಅರ್ಧ ಮಿಲಿಮೀಟರ್ ಹಾಳೆ ಎಂದರೆ ನೂರರಲ್ಲಿ ಒಂದು ಪಾಲು. ಕೆಳಗೆ ದಪ್ಪ ಮೇಪಲ್ ಇದ್ದರೆ, ಪಟ್ಟೆಯ ಗಟ್ಟಿ ಟಾಪ್‌ಗೂ ಸಪ್ಪೆ ಟಾಪ್ ಮೇಲಿನ ವೆನೀರ್‌ಗೂ ಇರುವ ವ್ಯತ್ಯಾಸ ಎಳೆಯ ಓಟದಲ್ಲಿ ಮಾತ್ರ. ಅದನ್ನು ಕಣ್ಣು ಗುರುತಿಸುತ್ತದೆ. ಕಿವಿ ಗುರುತಿಸುತ್ತದೆ ಎನ್ನುವವರು ಕಣ್ಣು ಕಟ್ಟಿಕೊಂಡು ಕೇಳಿ ನೋಡಲಿ.

ಲೆಸ್ ಪಾಲ್ ಎಂಬ ವಾದಕನ ಕಥೆಯೇ ಇದಕ್ಕೆ ಸಾಕ್ಷಿ. ಆತನ ಹೆಸರಿನ ಗಿಟಾರ್ ಬರುವ ಹತ್ತು ವರ್ಷ ಮೊದಲೇ ಆತ ನಾಲ್ಕಿಂಚು ಚಚ್ಚೌಕದ ಪೈನ್ ದಿಮ್ಮಿಗೆ ಕುತ್ತಿಗೆ, ತಂತಿ, ಪಿಕಪ್ ಜೋಡಿಸಿ ಒಂದು ವಾದ್ಯ ಮಾಡಿದ. ಅದರ ಹೆಸರೇ 'ದಿ ಲಾಗ್', ಅಂದರೆ ದಿಮ್ಮಿ. ನುಡಿಸಲು ಅಷ್ಟೇ ಸಾಕಿತ್ತು. ಆದರೆ ಕೇಳುಗರಿಗೆ ಅದು ಗಿಟಾರ್ ಥರ ಕಾಣಲಿಲ್ಲ. ಹಾಗಾಗಿ ಒಂದು ಎಪಿಫೋನ್ ಗಿಟಾರ್‌ನ ಮೈಯನ್ನು ಸೀಳಿ ಎರಡು ಬದಿಗೆ ರೆಕ್ಕೆಯಂತೆ ಅಂಟಿಸಿದ. ನಾದಕ್ಕೆ ದಿಮ್ಮಿ, ಕಣ್ಣಿಗೆ ರೆಕ್ಕೆ. ಗಟ್ಟಿ ಮೈಯ ಎಲೆಕ್ಟ್ರಿಕ್ ಗಿಟಾರ್‌ನ ಆರಂಭದ ದಿನಗಳಲ್ಲೇ ಮುಖ ಮತ್ತು ಕೆಲಸ ಬೇರೆಬೇರೆಯಾಗಿದ್ದವು.

ಮೇಜಿನ ಹಲಗೆಯಿಂದ ಅರಮನೆಯ ಮಹಡಿಗೆ

'ವಿ ವಿಲ್ ರಾಕ್ ಯು' ಹಾಡಿಗೆ ಕಾಲು ಕುಟ್ಟದ ಕಾಲೇಜು ಇರಲಾರದು. ಕ್ವೀನ್ ತಂಡದ ಬ್ರಯಾನ್ ಮೇ ನುಡಿಸುವ ಕೆಂಪು ಗಿಟಾರ್ 'ರೆಡ್ ಸ್ಪೆಷಲ್' ಆತ ಶಾಲಾ ಹುಡುಗನಾಗಿದ್ದಾಗ, 1963ರಲ್ಲಿ, ತಂದೆಯ ಜೊತೆ ಸೇರಿ ಮನೆಯಲ್ಲೇ ಕಟ್ಟಲು ಶುರು ಮಾಡಿದ್ದು. ಅಂಗಡಿಯ ಗಿಟಾರ್ ಕೊಳ್ಳಲು ದುಡ್ಡಿರಲಿಲ್ಲ. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಸುತ್ತಲಿನ ಮಹಾಗನಿ ಮರ. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು, ಬೆಂಕಿಕಡ್ಡಿ ತುಂಬಿ ಮುಚ್ಚಿದರು. ನಡುಭಾಗಕ್ಕೆ ಹಳೆಯ ಮೇಜಿನ ಓಕ್, ಸುತ್ತ ಬ್ಲಾಕ್‌ಬೋರ್ಡ್, ಅಂದರೆ ನಮ್ಮ ಕಾರ್ಪೆಂಟರ್‌ಗಳು ಬೀರು, ಬಾಗಿಲಿಗೆ ಬಳಸುವ ಅದೇ ಬ್ಲಾಕ್‌ಬೋರ್ಡ್. ಮೇಲೆ ಮಹಾಗನಿ ವೆನೀರ್. ತಂತಿ ಎಳೆದು ಬಿಡುವ ಟ್ರೆಮೊಲೊಗೆ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್.

ಆ ಗಿಟಾರನ್ನೇ ಆತ ಕ್ವೀನ್ ತಂಡದ ಹಾಡುಗಳಲ್ಲಿ ನುಡಿಸಿದ. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಹಡಿಯ ಮೇಲೆ ನಿಂತು ನುಡಿಸಿದ. 2007ರಲ್ಲಿ ಇಂಪೀರಿಯಲ್ ಕಾಲೇಜಿನಿಂದ ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್‌.ಡಿ.ಯನ್ನೂ ಪಡೆದ. ಆ ಗಿಟಾರ್‌ನ ಸ್ವರ ಎಲ್ಲಿದ್ದರೂ ಗುರುತು ಸಿಗುತ್ತದೆ. ಅದರ ಮುಖ ವೆನೀರ್ ಎಂದು ಮುಖ ಸಿಂಡರಿಸಿದವರನ್ನು ನಾನು ಕಂಡಿಲ್ಲ.

ಎಂಜಿನಿಯರಿಂಗ್ ಓದುವವನ ಕಣ್ಣಿಗೆ ಇದು ಹೊಸದೂ ಅಲ್ಲ. ದುಬಾರಿ ವಸ್ತುವನ್ನು ಬೇಕಾದ ಕಡೆ ಬೇಕಾದಷ್ಟೇ ಹಾಕುವುದು ವಿನ್ಯಾಸದ ಮೊದಲ ಪಾಠ. ಮನೆಯಲ್ಲಿರುವ ಸ್ಟೀಲ್ ಪಾತ್ರೆಯ ತಳಕ್ಕೆ ಮಾತ್ರ ತಾಮ್ರ. ಸಿಮ್ ಕಾರ್ಡಿನ ಮೇಲೆ ತೆಳ್ಳನೆಯ ಚಿನ್ನದ ಲೇಪ. ಗಿಟಾರ್‌ನಲ್ಲಿ ಪಟ್ಟೆ ಬೇಕಾಗಿರುವುದು ಕಣ್ಣಿಗೆ. ಕಣ್ಣಿಗೆ ಅರ್ಧ ಮಿಲಿಮೀಟರ್ ಸಾಕು.

ಕಾಡಿನ ಲೆಕ್ಕ

ಎರಡು ಸೆಂಟಿಮೀಟರ್ ದಪ್ಪದ ಹಲಗೆ ಒಂದು ಗಿಟಾರ್‌ನ ಗಟ್ಟಿ ಟಾಪ್‌ಗೆ ಮುಗಿದುಹೋಗುತ್ತದೆ, ಕೆತ್ತುವಾಗ ಅದರಲ್ಲಿ ಎಷ್ಟೋ ಭಾಗ ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ಅದೇ ದಪ್ಪವನ್ನು ಅರ್ಧ ಮಿಲಿಮೀಟರ್ ಚಿಲ್ಲರೆಯ ಹಾಳೆಗಳಾಗಿ ಹೆರೆದರೆ ಮೂವತ್ತಕ್ಕೂ ಹೆಚ್ಚು ಗಿಟಾರ್‌ಗಳ ಮುಖ ಆಗುತ್ತದೆ. ಬ್ಲೇಡಿನಿಂದ ಹೆರೆಯುವುದರಿಂದ ಗರಗಸದ ಹೊಟ್ಟೂ ಇಲ್ಲ.

ಪಟ್ಟೆಯ ಮರ ಅಪರೂಪ ಎಂದಾಗ ಕಳ್ಳತನವೂ ಹಿಂದೆಯೇ ಬರುತ್ತದೆ. ನಮ್ಮ ಮಲೆನಾಡಿನಲ್ಲಿ ಗಂಧ, ಬೀಟೆಗೆ ಆದದ್ದೇ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಗ್‌ಲೀಫ್ ಮೇಪಲ್‌ಗೆ ಆಗುತ್ತಿದೆ. ಕಳ್ಳರು ಸರ್ಕಾರಿ ಕಾಡಿಗೆ ನುಗ್ಗಿ, ತೊಗಟೆ ಸುಲಿದು ಒಳಗೆ ಪಟ್ಟೆ ಇದೆಯೇ ಎಂದು ನೋಡಿ ಮರ ಉರುಳಿಸುತ್ತಾರೆ. ಅಲ್ಲಿನ ಒಲಿಂಪಿಕ್ ರಾಷ್ಟ್ರೀಯ ಅರಣ್ಯದಲ್ಲಿ 2018ರಲ್ಲಿ ನಡೆದ ಇಂಥ ಕಳ್ಳತನದಲ್ಲಿ, ಮಿಲ್‌ಗೆ ಮಾರಿದ ಮರಕ್ಕೂ ಕಾಡಿನಲ್ಲಿ ಉಳಿದ ಬುಡಕ್ಕೂ ಡಿಎನ್‌ಎ ತಾಳೆ ನೋಡಿ 2021ರಲ್ಲಿ ತಪ್ಪಿತಸ್ಥನೆಂಬ ತೀರ್ಪು ಬಂತು. ಗಿಟಾರ್ ಮುಖದ ಮೇಲಿನ ಆಸೆ ಕಾಡಿನ ಬುಡದವರೆಗೂ ಹೋಗುತ್ತದೆ.

ನಮಗೂ ಇದರ ನಂಟಿದೆ. ಗಿಟಾರ್‌ನ ಬೆರಳು ಹಲಗೆಗೆ ಜಗತ್ತಿನಾದ್ಯಂತ ಬಳಸುವ ಇಂಡಿಯನ್ ರೋಸ್‌ವುಡ್ ನಮ್ಮ ಬೀಟೆ. 2017ರಲ್ಲಿ ಬೀಟೆಯ ಇಡೀ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣ ಬಿತ್ತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಅನೇಕ ಕಂಪನಿಗಳು ಬದಲಿ ಮರ ಹುಡುಕಿಕೊಂಡಿದ್ದವು. ಅವುಗಳಲ್ಲೊಂದಾದ 'ಇಂಡಿಯನ್ ಲಾರೆಲ್' ಬೇರೇನೂ ಅಲ್ಲ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಮತ್ತಿ ಮರ.

ಗಟ್ಟಿ ಟಾಪ್ ಕೊಳ್ಳುವವರು ದಡ್ಡರೇ?

ಖಂಡಿತ ಅಲ್ಲ. ಗಟ್ಟಿ ಟಾಪ್‌ಗೆ ಅದರದೇ ಗುಣಗಳಿವೆ. ಆಳವಾದ ಗೀರು ಬಿದ್ದರೆ ಉಜ್ಜಿ ಮತ್ತೆ ಪಾಲಿಶ್ ಮಾಡಬಹುದು. ವೆನೀರ್ ಮೇಲೆ ಸ್ಯಾಂಡ್‌ಪೇಪರ್ ಒಂದೆರಡು ಸಲ ಜಾಸ್ತಿ ಓಡಿದರೆ ಕೆಳಗಿನ ಮರ ಇಣುಕುತ್ತದೆ. ಗಿಟಾರ್ ಅಂಚಿನಲ್ಲೂ ಪಟ್ಟೆ ಮುಂದುವರಿಯುವುದನ್ನು ನೋಡುವ ಸುಖ ಬೇರೆ. ಮರುಮಾರಾಟದಲ್ಲೂ ಬೆಲೆ ಸಿಗುತ್ತದೆ. ದುಡ್ಡಿರುವವರು ಮೆಚ್ಚಿ ಕೊಳ್ಳಲಿ. ಚೆಲುವಿಗೆ ದುಡ್ಡು ಕೊಡುವುದು ತಪ್ಪಲ್ಲ. ಚೆಲುವಿಗೆ ಕೊಟ್ಟ ದುಡ್ಡನ್ನು ನಾದಕ್ಕೆ ಕೊಟ್ಟೆ ಎಂದುಕೊಳ್ಳುವುದು, ಹಾಗೆ ಎಂದುಕೊಳ್ಳುವಂತೆ ಮಾರುವುದು ತಪ್ಪು.

ಇದಕ್ಕೆ ನಮ್ಮ ಚಿನ್ನದಂಗಡಿಯ ಬೀದಿಯೇ ಮಾದರಿ. ಮದುವೆ ಮನೆಯಲ್ಲಿ 'ಒನ್ ಗ್ರಾಂ ಗೋಲ್ಡ್' ಸರ ಹಾಕಿಕೊಂಡವರನ್ನು ಯಾರೂ ಮೋಸಗಾರರು ಎನ್ನುವುದಿಲ್ಲ. ಅಂಗಡಿಯ ಬೋರ್ಡಿನಲ್ಲೇ ಹಾಗೆ ಬರೆದಿರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ಅದನ್ನೇ 22 ಕ್ಯಾರೆಟ್ ಎಂದು ಮಾರಿದರೆ ಪೊಲೀಸ್ ಠಾಣೆ. ಅಸಲಿ ಚಿನ್ನಕ್ಕೆ 916 ಎಂಬ ಹಾಲ್‌ಮಾರ್ಕ್ ಇದೆ.

ಗಿಟಾರ್ ಮರಕ್ಕೆ ಅಂಥ ಹಾಲ್‌ಮಾರ್ಕ್ ಇಲ್ಲ. 'ಎಎ', 'ಎಎಎ' ಎಂದು ಬರೆದಿರುವುದು ಮರ ಮಾರುವವರು, ಗಿಟಾರ್ ಮಾಡುವವರು ತಾವೇ ಕೊಟ್ಟುಕೊಂಡ ಅಂಕ. ಒಬ್ಬರ ಮೂರು ಎ ಇನ್ನೊಬ್ಬರ ಎರಡು ಎ ಆಗಬಹುದು. 'ಫ್ಲೇಮ್ ಮೇಪಲ್ ಟಾಪ್' ಎಂದಷ್ಟೇ ಬರೆದು ವೆನೀರ್ ಎಂಬ ಪದ ನುಂಗುವುದು ಇನ್ನೊಂದು ಜಾಣ್ಮೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಮಾರಾಟದ ಹುಡುಗ ನನಗೆ ತೋರಿಸಿದ ಗಿಟಾರ್‌ನ ಮುಖದಲ್ಲಿ ಪಟ್ಟೆ ತುಂಬಿತ್ತು, ಅಂಚಿನಲ್ಲಿ ಒಂದೂ ಇರಲಿಲ್ಲ. ಆದರೂ ಆತ 'ಫುಲ್ ಸಾಲಿಡ್ ಟಾಪ್ ಬ್ರೋ' ಎಂದೇ ಹೇಳುತ್ತಿದ್ದ. ಆತನಿಗೆ ನಿಜವಾಗಿ ಗೊತ್ತಿರಲಿಲ್ಲವೋ ಏನೋ. ಆದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ವಸ್ತುವಿನ ಗುಣಮಟ್ಟದ ಬಗ್ಗೆ ಸರಿಯಾದ ಮಾಹಿತಿ ಪಡೆಯುವುದನ್ನು ನಮ್ಮ ಹಕ್ಕು ಎನ್ನುತ್ತದೆ. ಅದು ಫ್ರಿಜ್‌ಗೆ ಎಷ್ಟು ಅನ್ವಯವೋ ಗಿಟಾರ್‌ಗೂ ಅಷ್ಟೇ.

ಕೊಳ್ಳುವ ಮುನ್ನ

ಗುರುತಿಸುವುದು ಕಷ್ಟವಲ್ಲ. ಮುಖದ ಪಟ್ಟೆ ಅಂಚಿನಲ್ಲೂ ಇಳಿದಿದೆಯೇ ನೋಡಿ. ಇಳಿದಿದ್ದರೆ ಗಟ್ಟಿ ಮರ. ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಇದ್ದು ಕಾಣದಿದ್ದರೆ, ಅಂಗಡಿಯವರನ್ನು ಕೇಳಿ ಪಿಕಪ್‌ನ ಸ್ಕ್ರೂ ಬಿಚ್ಚಿಸಿ ಒಳಗಿನ ಗುಳಿಯ ಅಂಚು ನೋಡಬಹುದು. ಹಾಳೆಯ ದಪ್ಪ ಅಲ್ಲಿ ಗೆರೆಯಂತೆ ಕಾಣುತ್ತದೆ. ದೀಪದ ಕೆಳಗೆ ವಾಲಿಸಿದಾಗ ಪಟ್ಟೆ ಮಿನುಗುತ್ತಾ ಸರಿದರೆ ಅದು ಮರ, ಅಲ್ಲಾಡದೆ ನಿಂತರೆ ಮುದ್ರಿತ ಚಿತ್ರ ಇರಬಹುದು. ಕಂಪನಿಯ ವಿವರಪಟ್ಟಿಯಲ್ಲಿ ಟಾಪ್ ಎದುರು ಏನಿದೆ ಎಂದು ಪದಪದ ಓದಿ. ಬಿಲ್‌ನಲ್ಲಿ ಮಾದರಿಯ ಪೂರ್ತಿ ಹೆಸರು ಬರೆಸಿಕೊಳ್ಳಿ.

ಇಷ್ಟು ನೋಡಿದ ಮೇಲೆ ಮುಖದ ಕಡೆಯಿಂದ ಕಣ್ಣು ತೆಗೆಯಿರಿ. ಕುತ್ತಿಗೆ ನೇರವಾಗಿದೆಯೇ, ಫ್ರೆಟ್‌ಗಳ ಅಂಚು ಕೈಗೆ ಚುಚ್ಚುತ್ತದೆಯೇ, ಹತ್ತು ನಿಮಿಷ ನುಡಿಸಿದರೂ ಶ್ರುತಿ ನಿಲ್ಲುತ್ತದೆಯೇ, ಪಿಕಪ್ ಹೇಗಿದೆ ಎಂಬುದನ್ನು ನೋಡಿ. ವಿದ್ಯಾರ್ಥಿಯ ಬಜೆಟ್‌ನಲ್ಲಿ ಉಳಿದ ದುಡ್ಡು ಒಳ್ಳೆಯ ಆಂಪ್ಲಿಫೈಯರ್‌ಗೆ, ಬಲ್ಲವರಿಂದ ಒಂದು ಸೆಟಪ್ ಮಾಡಿಸುವುದಕ್ಕೆ ಹೋದರೆ ಕೇಳುಗರಿಗೆ ಗೊತ್ತಾಗುತ್ತದೆ.

ಮಾರುವವರಿಗೆ ಹೇಳಬೇಕಾದ್ದು ಒಂದೇ ಮಾತು. ಬೆಲೆಚೀಟಿಯ ಮೇಲೆ 'ವೆನೀರ್' ಎಂಬ ಮೂರಕ್ಷರ ಬರೆಯಲು ಖರ್ಚಿಲ್ಲ. ಕೊಳ್ಳುವ ನಮಗೂ ಒಂದು ಮಾತು. ಅದನ್ನು ಓದಿದ ಮೇಲೆ ಹಿಂದೆ 'ಬರೀ' ಸೇರಿಸುವ ಅಗತ್ಯವೂ ಇಲ್ಲ.